ಬಕೆಟ್ಟಿನ ಸತು, ಕಣದ ಕಬ್ಬಿಣ

ಅರಕಲಗೂಡಿನ ಆಲೂಗಡ್ಡೆ ಹೊಲಕ್ಕೆ ಸತು ಎಷ್ಟಿರಬೇಕೆಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಉತ್ತರ ಒಂದೇ ಸಾಲಿನದು: ಮಣ್ಣಿನಲ್ಲಿ ಬೆಳೆಗೆ ದಕ್ಕುವ ಸತುವನ್ನು ಅಳೆಯುವ ಡಿಟಿಪಿಎ ಪರೀಕ್ಷೆಯಲ್ಲಿ 0.6 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ. ಉಳಿದ ಜಾಗ ಪರೀಕ್ಷೆಯ ಮಣ್ಣು ಬೆರೆಸುವ ಬಕೆಟ್ಟಿಗೆ.

ಆ ಗಡಿಯಲ್ಲಿರುವ ಅರ್ಧ ಕಿಲೋ ಮಣ್ಣಿನಲ್ಲಿ ಬೆಳೆಗೆ ದಕ್ಕುವ ಸತು ಒಟ್ಟು 0.3 ಮಿಲಿಗ್ರಾಂ. ಅಂಥ ಮಣ್ಣನ್ನು ನಾವು ಬೆರೆಸುವುದು ದನಕ್ಕೆ ನೀರಿಡುವ ತಗಡಿನ ಬಕೆಟ್ಟಿನಲ್ಲಿ. ಅದಕ್ಕೆ ತುಕ್ಕು ಹಿಡಿಯದಂತೆ ಲೇಪಿಸಿರುವುದೇ ಸತು. ಒಂದಿಷ್ಟು ಕೆರೆದು ಬಿದ್ದರೂ ಬಡ ಹೊಲ ಕಾಗದದಲ್ಲಿ ಸಿರಿವಂತವಾಗುತ್ತದೆ. ಪ್ಲಾಸ್ಟಿಕ್ ಬಕೆಟ್, ಮರದ ಕಡ್ಡಿ ಸಾಕು. ತಿಪ್ಪೆಯ ಪಕ್ಕ, ಬದುವಿನ ಮೇಲೆ, ಮರದಡಿ ಮಣ್ಣು ತೆಗೆಯಬಾರದೆಂಬುದು ಓದುಗರಿಗೆ ಗೊತ್ತೇ ಇದೆ.

ಈ ಡಿಟಿಪಿಎ ಪರೀಕ್ಷೆಗೆ ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ವಿಧಾನವನ್ನು ನಾನು ಆಗಾಗ ತೆಗೆದು ಓದುತ್ತೇನೆ. ಹತ್ತು ಗ್ರಾಂ ಮಣ್ಣು, ಇಪ್ಪತ್ತು ಮಿಲಿಲೀಟರ್ ದ್ರಾವಣ, ಎರಡು ಗಂಟೆ ಅಲುಗಾಟ. ದ್ರಾವಣದ ಪಿಎಚ್ 7.3ಕ್ಕೇ ನಿಲ್ಲಬೇಕು, ಇಲ್ಲವಾದರೆ ಮಣ್ಣಿನ ಸುಣ್ಣ ಕರಗಿ, ಬೆಳೆಗೆ ಎಂದೂ ಸಿಗದ ಸತುವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಎಂಥ ಹದ! ಆದರೆ ಇದು ಸುಣ್ಣದ ಮಣ್ಣನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ವಿಧಾನ. ನಮ್ಮ ಕೆಂಪು ಹುಳಿಮಣ್ಣಿಗೂ ಕಣ್ಣುಮುಚ್ಚಿ ಅದನ್ನೇ ಬಳಸುತ್ತೇವೆ.

ಇನ್ನು ಹೊಲಗಳನ್ನು ಚೌಕಗಳಾಗಿ ಹಂಚಿ, ಚೌಕಕ್ಕೊಂದು ಮಾದರಿ ಸಾಕೆನ್ನುವ ಪಂಡಿತರು. 2015ರ ಮಣ್ಣು ಆರೋಗ್ಯ ಚೀಟಿಯಲ್ಲಿ ನೀರಾವರಿಗೆ ಎರಡೂವರೆ ಹೆಕ್ಟೇರಿಗೊಂದು, ಖುಷ್ಕಿಗೆ ಹತ್ತು ಹೆಕ್ಟೇರಿಗೊಂದು ಮಾದರಿ ಎಂದು ಗೆರೆ ಎಳೆದರು. ಹತ್ತು ಹೆಕ್ಟೇರೆಂದರೆ ನಮ್ಮಲ್ಲಿ ಹಲವು ಮನೆಗಳ ಜಮೀನು. ಒಬ್ಬರು ಶುಂಠಿಗೆ ಗಾಡಿಗಟ್ಟಲೆ ಗೊಬ್ಬರ ಸುರಿದಿರುತ್ತಾರೆ, ಪಕ್ಕದವರು ಬರೀ ರಾಗಿ ಚೆಲ್ಲಿರುತ್ತಾರೆ. ಇಬ್ಬರಿಗೂ ಒಂದೇ ಅಂಕಿ! 2009ರಲ್ಲಿ ಇಕ್ರಿಸ್ಯಾಟ್ ಜೊತೆ ಶುರುವಾದ ಭೂಚೇತನ ಯೋಜನೆ ಆಯ್ದ ಹೊಲಗಳ ಮಣ್ಣು ನೋಡಿ ಗಂಧಕ, ಬೋರಾನ್, ಸತು ಹಾಕಿರೆಂದು ತಾಲ್ಲೂಕುವಾರು ಶಿಫಾರಸು ಕೊಟ್ಟಿತು. ಅದು ಪ್ರಾಮಾಣಿಕ ಮಾತು. ಊರಿನ ಸರಾಸರಿಗೆ ರೈತನ ಹೆಸರು ಬರೆದು ಕೊಡುವುದು ಹಾಗಲ್ಲ.

ರಾಗಿ ಎಂದೆನಲ್ಲ, ಸತು ಅಲ್ಲಿಗೇ ಇರಲಿ. ಬಕೆಟ್ಟಿನ ಸತುವಿನಂತೆ ಹೊರಗಿನದು ಸೇರಿಕೊಳ್ಳುವ ಮೋಸ ರಾಗಿಯ ಕಬ್ಬಿಣದ ಲೆಕ್ಕದಲ್ಲಿ ಇನ್ನೂ ದೊಡ್ಡದು. ಕಿಲೋ ರಾಗಿಯಲ್ಲಿ ಕಬ್ಬಿಣ ಸುಮಾರು 46 ಮಿಲಿಗ್ರಾಂ ಎನ್ನುತ್ತದೆ ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕ. ರಸ್ತೆಯನ್ನೇ ಕಣ ಮಾಡಿಕೊಂಡು ಒಕ್ಕಿದ ಕಿಲೋ ರಾಗಿಗೆ ಒಂದೇ ಗ್ರಾಂ ಕೆಮ್ಮಣ್ಣು ಅಂಟಿತೆನ್ನಿ. ಆ ಮಣ್ಣಿನಲ್ಲಿ ನೂರಕ್ಕೆ ನಾಲ್ಕು ಪಾಲು ಕಬ್ಬಿಣವಿದ್ದರೆ 40 ಮಿಲಿಗ್ರಾಂ ಹೆಚ್ಚುವರಿ! ಉಕ್ಕಿನ ಗಿರಣಿಯಲ್ಲಿ ಬೀಸಿದರೆ ಅದರ ಸವಕಲೂ ಸೇರುತ್ತದೆ. ಪ್ರಯೋಗಾಲಯದಲ್ಲಿ ಕಬ್ಬಿಣ ಅಳೆಯುವ ಯಂತ್ರಕ್ಕೆ ರಾಗಿಯ ಕಬ್ಬಿಣ ಯಾವುದು, ರಸ್ತೆಯದು ಯಾವುದು ಎಂಬ ಭೇದವಿಲ್ಲ. ಬಲ್ಲವರು ಜೊತೆಗೆ ಅಲ್ಯೂಮಿನಿಯಂ ಕೂಡ ಅಳೆಯುತ್ತಾರೆ. ಮಣ್ಣಿನಲ್ಲಿ ಅದು ಹೇರಳ, ಕಾಳಿನಲ್ಲಿ ಅತ್ಯಲ್ಪ. ಅದು ಏರಿದ್ದರೆ ಕಬ್ಬಿಣದ ಅಂಕಿಯನ್ನು ನಂಬುವಂತಿಲ್ಲ.

‘ಕಬ್ಬಿಣ ಭರಿತ’ ಎಂದು ಚೀಟಿ ಅಂಟಿಸಿ ರಾಗಿಹಿಟ್ಟು ಮಾರಲು ಬಂದವರನ್ನು ಮೊದಲು ಅಲ್ಯೂಮಿನಿಯಂ ಎಷ್ಟು ಬಂತೆಂದು ಕೇಳಿ.