ಕಹಿಯ ಮರೆಯಲ್ಲಿ ಸಕ್ಕರೆ

ಇಟಲಿಯ ಪಾದುವಾ ನಗರದಲ್ಲಿ 1919ರಲ್ಲಿ ಬಾರ್ಬಿಯೇರಿ ಸಹೋದರರು ಮಾರುಕಟ್ಟೆಗೆ ತಂದ ಅಪೆರೋಲ್, ಊಟಕ್ಕೆ ಮುಂಚೆ ಹಸಿವು ಕೆರಳಿಸಲೆಂದು ಕುಡಿಯುವ ಕಹಿ-ಸಿಹಿ ಮದ್ಯ. ಜೆನ್ಷಿಯನ್ ಬೇರು, ಸಿಂಕೋನಾ ತೊಗಟೆ, ರೂಬಾರ್ಬ್, ಕಹಿ ಕಿತ್ತಳೆ ಇದರ ರುಚಿಯ ಮೂಲ. ಮದ್ಯಸಾರ ಶೇ 11 ಮಾತ್ರ. ಬೇರು-ತೊಗಟೆಗಳ ನಂಟೂ ಕಡಿಮೆ ಮದ್ಯಸಾರವೂ ಕೂಡಿ ಇದಕ್ಕೆ ‘ಹಗುರ ಪಾನೀಯ’ವೆಂಬ ಹೆಸರು ತಂದುಕೊಟ್ಟಿವೆ. ಪೋಷಣೆಯ ಲೆಕ್ಕ ಹಾಕಿದರೆ ಆ ಹೆಸರು ನಿಲ್ಲುವುದಿಲ್ಲ. ಅಪೆರೋಲ್‌ನ ಕಹಿ ನಾಲಿಗೆಯಿಂದ ಸಕ್ಕರೆಯನ್ನು ಮರೆಮಾಡುತ್ತದೆ. ಆರೋಗ್ಯಕ್ಕೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ.

100 ಮಿಲಿ ಅಪೆರೋಲ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿದೆ. ಇದನ್ನು ಹೆಚ್ಚಾಗಿ ಕುಡಿಯುವುದು ಸ್ಪ್ರಿಟ್ಜ್ ರೂಪದಲ್ಲಿ: ಮೂರು ಪಾಲು ಪ್ರೊಸೆಕ್ಕೋ ವೈನ್, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ. 90 ಮಿಲಿ ವೈನಿಗೆ 60 ಮಿಲಿ ಅಪೆರೋಲ್ ಬೆರೆಸಿದ ಒಂದು ಲೋಟದಲ್ಲಿ ಅಪೆರೋಲ್‌ನಿಂದಲೇ 15 ಗ್ರಾಂ ಸಕ್ಕರೆ, ಎರಡರಿಂದಲೂ ಸೇರಿ ಸುಮಾರು 13 ಗ್ರಾಂ ಮದ್ಯಸಾರ ಇರುತ್ತದೆ. ಸಕ್ಕರೆಗೆ ಗ್ರಾಮಿಗೆ 4, ಮದ್ಯಸಾರಕ್ಕೆ 7 ಕ್ಯಾಲೊರಿಯಂತೆ ಒಟ್ಟು 150ಕ್ಕಿಂತ ಹೆಚ್ಚು. ಪ್ರೋಟೀನ್, ನಾರು ಇಲ್ಲ. ಹೇಳಿಕೊಳ್ಳುವಂಥ ಜೀವಸತ್ವವೂ ಇಲ್ಲ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಆಸುಪಾಸಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಲೋಟದಲ್ಲಿ ಮುಗಿದುಹೋಗುತ್ತದೆ. ಇಷ್ಟೇ ಸಿಹಿಯ ಶರಬತ್ತು ಕುಡಿದವರಿಗೆ ಸಿಹಿಯ ಅರಿವಾದರೂ ಇರುತ್ತದೆ. ಇಲ್ಲಿ ಕಹಿ ಆ ಅರಿವನ್ನೇ ಮಂಕಾಗಿಸುತ್ತದೆ.

ಜಿನ್, ಕಾಂಪಾರಿ, ವರ್ಮೂತ್ ಬೆರೆಸಿದ ನೆಗ್ರೋನಿಗಿಂತ ಇದು ಸೌಮ್ಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೌಮ್ಯ ಹೌದು. ಆದರೆ ಕುಡಿಯುವವರು ಎಣಿಸುವುದು ಲೋಟವನ್ನು, ಶೇಕಡಾವಾರನ್ನಲ್ಲ. ಸಲೀಸಾಗಿ ಇಳಿಯುವ ಪಾನೀಯಕ್ಕೆ ಎರಡನೆಯ ಲೋಟ ಬೇಗ ಬರುತ್ತದೆ, ಸೌಮ್ಯತೆಯ ಲಾಭ ಅಲ್ಲಿಗೆ ಮುಗಿಯುತ್ತದೆ. ಕಹಿ ಬೇರುಗಳು ಜೀರ್ಣಕ್ಕೆ ಒಳ್ಳೆಯವು ಎಂಬುದು ಇನ್ನೊಂದು ವಾದ. ಕಹಿ ರುಚಿ ಜೊಲ್ಲನ್ನೂ ಜಠರರಸವನ್ನೂ ಪ್ರಚೋದಿಸಬಲ್ಲದು, ನಿಜ. ಆದರೆ ಅದಕ್ಕೆ ಸಕ್ಕರೆಯಾಗಲಿ ಮದ್ಯಸಾರವಾಗಲಿ ಬೇಕಿಲ್ಲ. ಮೇಲಾಗಿ ಮದ್ಯಸಾರವೂ ಹಸಿವನ್ನು ಹೆಚ್ಚಿಸುತ್ತದೆ. ತೂಕ ಇಳಿಸಬೇಕಾದವರಿಗೆ ಈ ಗುಣವೇ ತೊಡಕು. ಇಟಲಿಯಲ್ಲಿ ಇದನ್ನು ತಿನಿಸಿನ ಜೊತೆ, ಮಾತಿನ ನಡುವೆ, ನಿಧಾನವಾಗಿ ಕುಡಿಯುತ್ತಾರೆಂಬುದು ಬೆಲೆಯುಳ್ಳ ಮಾತು. ಆ ಸಂಯಮದ ಶ್ರೇಯಸ್ಸು ಮಾತ್ರ ಕುಡಿಯುವ ಕ್ರಮದ್ದು, ಸೀಸೆಯೊಳಗಿನ ದ್ರವದ್ದಲ್ಲ.

ಕೆಲವರಂತೂ ಇದನ್ನು ದೂರವಿಡಲೇಬೇಕು. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಅಪಾಯ ಎರಡು ಕಡೆಯಿಂದ: ಸಕ್ಕರೆ ರಕ್ತದ ಗ್ಲೂಕೋಸನ್ನು ಮೊದಲು ಏರಿಸುತ್ತದೆ, ಮದ್ಯಸಾರ ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ತಡೆದು ತಾಸುಗಳ ನಂತರ ಇಳಿಸಬಹುದು. ಗರ್ಭಿಣಿಯರಿಗೆ, ಯಕೃತ್ತಿನ ರೋಗಿಗಳಿಗೆ ಯಾವ ಮದ್ಯವೂ ಸಲ್ಲದು. ಸಸ್ಯಾಹಾರಿಗಳು ಬಣ್ಣವನ್ನೂ ವಿಚಾರಿಸಬೇಕು. ಇದರ ಬಂಧುವಾದ ಕಾಂಪಾರಿಯ ಕೆಂಪು ಮೊದಲು ಕೊಚಿನೀಲ್ ಕೀಟದಿಂದ ಬರುತ್ತಿತ್ತು. 2006ರಿಂದ ಕಂಪನಿ ಅದನ್ನು ಬಿಡತೊಡಗಿತು. ಅಪೆರೋಲ್‌ನ ಹೊಳಪು ಕೃತಕ ಬಣ್ಣಗಳದು.

ಐರೋಪ್ಯ ಒಕ್ಕೂಟದ 2011ರ ಆಹಾರ ಮಾಹಿತಿ ನಿಯಮ ಶೇ 1.2ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯಗಳಿಗೆ ಪದಾರ್ಥಪಟ್ಟಿ ಮತ್ತು ಪೋಷಕಾಂಶ ಪಟ್ಟಿಯಿಂದ ವಿನಾಯಿತಿ ಕೊಟ್ಟಿತು. 2023ರ ಡಿಸೆಂಬರ್‌ನಿಂದ ವೈನಿಗೆ ಆ ವಿನಾಯಿತಿ ಹೋಗಿದೆ. ಇಂಥ ಕಹಿ-ಸಿಹಿ ಮದ್ಯಗಳಿಗೂ ಹೋಗಬೇಕು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸ್ಪಷ್ಟಪಡಿಸಿದೆ. ಅದನ್ನು ತಿಳಿದೂ ರುಚಿಗಾಗಿ ಅಪರೂಪಕ್ಕೆ ಒಂದು ಲೋಟ ಕುಡಿಯುವುದು ವಯಸ್ಕರ ಆಯ್ಕೆ. ಆದರೆ ಆರೋಗ್ಯದ ಹೆಸರಿನಲ್ಲಿ ಅದನ್ನು ಸಮರ್ಥಿಸಲು ಯಾವ ಆಧಾರವೂ ಇಲ್ಲ.