ಎಪ್ಪತ್ತು ಮತದ ಆಚೆಗಿನ ಧರ್ಮಸಿಂಗ್

ಜೇವರ್ಗಿ ಸೀಮೆಯಲ್ಲಿ ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್ ಅವರನ್ನು ನೆನೆಯುವ ಮಾತು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ: ಅಜಾತಶತ್ರು, ನಗುಮೊಗದವರು, 1978ರಿಂದ 2004ರವರೆಗೆ ಸತತ ಏಳು ಸಲ ಗೆದ್ದವರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ 2006ರ ಆರಂಭದಲ್ಲಿ ಮುಖ್ಯಮಂತ್ರಿ ಗಾದಿ ಹೋಯಿತು ಎಂಬಲ್ಲಿಗೆ ಕಥೆ ನಿಲ್ಲಿಸಿ, ಅಲ್ಲಿಂದ ನೇರ 2017ರ ಜುಲೈ 27ಕ್ಕೆ ಜಿಗಿದು ಶ್ರದ್ಧಾಂಜಲಿ ಹೇಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ನಡುವಿನ ಹನ್ನೊಂದು ವರ್ಷಗಳಲ್ಲೇ ಅವರ ಬದುಕಿನ ಕಷ್ಟದ ಪರೀಕ್ಷೆಗಳು ನಡೆದವು.

2008ರ ವಿಧಾನಸಭೆ ಚುನಾವಣೆಯನ್ನೇ ನೋಡಿ. ದೊಡ್ಡಪ್ಪಗೌಡ ಪಾಟೀಲ ನರಿಬೋಳ ಅವರೆದುರು ಧರ್ಮಸಿಂಗ್ ಸೋತದ್ದು ಬರೀ 70 ಮತಗಳಿಂದ. ಒಂದು ಸಣ್ಣ ಓಣಿಯ ಮತ ಅಷ್ಟು. ಆಳಂದ, ಅಫಜಲಪುರ, ಜೇವರ್ಗಿ, ಯಾವ ತಾಲ್ಲೂಕಿಗೇ ಹೋಗಿ, ಟಿಕೆಟ್ ಮಾತು ಬಂದಾಗ ಮೊದಲು ಎಣಿಸುವುದು ಜಾತಿಯ ತಲೆಗಳನ್ನು. ನೆಲೋಗಿಯ ಈ ರಜಪೂತ ಮನೆತನದವರಿಗೆ ಆ ಬಲವಿರಲಿಲ್ಲ. ಮೂರು ದಶಕ ಅವರನ್ನು ಕಾಯ್ದದ್ದು ಮನೆಮನೆಯ ಪರಿಚಯ. ಅದೇ ಪರಿಚಯ ಆ ವರ್ಷ ಯಾಕೆ ಸಾಲಲಿಲ್ಲ? ಮುಖ್ಯಮಂತ್ರಿಯಾದ ಮೇಲೆ ಬೆಂಗಳೂರು ಹತ್ತಿರವಾಗಿ ಜೇವರ್ಗಿ ದೂರವಾಯಿತೇ? ಅಭಿಮಾನಿಗಳಿಗೆ ಈ ಪ್ರಶ್ನೆ ಮುಜುಗರ ತರುತ್ತದೆ, ಆದರೂ ಕೇಳಲೇಬೇಕು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಲೋಕಾಯುಕ್ತರ ಗಣಿ ವರದಿಯಲ್ಲಿ ಅವರ ಹೆಸರೂ ಇತ್ತು. ಅವರನ್ನು ಪ್ರೀತಿಸುವವರು ಅದನ್ನು ಮುಚ್ಚಿಡುವುದರಿಂದ ಅವರಿಗೇ ಅನ್ಯಾಯ, ಏಕೆಂದರೆ ಆಗ ಅವರ ಸಮರ್ಥನೆಯೂ ಮುಚ್ಚಿಹೋಗುತ್ತದೆ.

2009ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಬೀದರಿನಿಂದ ಗೆದ್ದು ದೆಹಲಿಗೆ ಹೋದರು. ಮಲ್ಲಿಕಾರ್ಜುನ ಖರ್ಗೆ ಅವರೂ ಕಲಬುರಗಿಯಿಂದ ಅದೇ ಲೋಕಸಭೆಗೆ ಬಂದಿದ್ದರು. ಜನ ಲವ–ಕುಶ ಎಂದು ಕರೆದ ಈ ಜೋಡಿ ಸಂಸತ್ತಿನಲ್ಲಿದ್ದಾಗಲೇ, 2012ರ ಡಿಸೆಂಬರ್‌ನಲ್ಲಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. 2013ರಲ್ಲಿ ಮಗ ಅಜಯ್ ಸಿಂಗ್ ಜೇವರ್ಗಿ ಗೆದ್ದರು, ಮರುವರ್ಷ ತಂದೆ ಬೀದರಿನಲ್ಲಿ ಭಗವಂತ ಖೂಬಾ ಅವರೆದುರು ಸೋತರು. ಮಗನ ಮೊದಲ ಗೆಲುವಿನ ಬೆನ್ನಿಗೇ ಅಪ್ಪನ ಕೊನೆಯ ಸೋಲು. ಅವರ ಖಾಸಗಿ ಬದುಕಿನೊಳಗೆ ಕಾಲಿಡಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣುವುದಿಲ್ಲ.

ಇನ್ನೊಬ್ಬ ಮಾಜಿ ಮುಖ್ಯಮಂತ್ರಿ ನಿಜಲಿಂಗಪ್ಪನವರು ಆತ್ಮಕಥೆ ಬರೆದರು. ಹಾಗಾಗಿ 1969ರ ಕಾಂಗ್ರೆಸ್ ಒಡಕನ್ನು ಅಂದಿನ ಪಕ್ಷಾಧ್ಯಕ್ಷರ ಕಣ್ಣಿನಿಂದಲೇ ನೋಡಬಹುದು. ಅದನ್ನು ಒಪ್ಪುವುದು, ಬಿಡುವುದು ಓದುಗರಿಗೆ ಸೇರಿದ್ದು. ಧರ್ಮಸಿಂಗ್ ಅವರ ವಿಷಯದಲ್ಲಿ ನೆನಪುಗಳನ್ನು ಬರೆದಿಡುವ ಆ ಕೆಲಸ ಈಗ ಊರಿನವರ ಪಾಲಿಗಿದೆ. 2008ರಲ್ಲಿ ಬೂತು ಕಾಯ್ದ ಏಜೆಂಟರಿಗೂ ಹಳೆಯ ಕಾರ್ಯಕರ್ತರಿಗೂ ವಯಸ್ಸಾಗುತ್ತಿದೆ. ಡಿಸೆಂಬರ್ 25ರ ಜಯಂತಿಗೆ ಹಾರ–ಶಾಲು ಕಡಿಮೆ ಮಾಡಿ ಈ ಹಿರಿಯರನ್ನು ಕೂಡಿಸಿ, ‘ಸೋತ ಮ್ಯಾಲೆ ಸಾಹೇಬ್ರು ಹ್ಯಾಂಗಿದ್ರು?’ ಎಂದು ಕೇಳಿ ಬರೆದಿಟ್ಟುಕೊಳ್ಳಲಿ.