ಕೊನೆಯ ಶೇ 10ರ ಬೆಲೆ

ದುಬಾರಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ಅಳೆಯುವ ಪದ್ಧತಿ ಕೆಲವು ವರ್ಷಗಳಿಂದ ಒಂದೇ ಜಾಡಿನಲ್ಲಿ ನಡೆದಿದೆ. ಹೊಸ ಚಿಪ್ ಬಂದಾಗ ಅದಕ್ಕೆ ಅತ್ಯುತ್ತಮ ಕೂಲರ್ ಕೂರಿಸಿ, ತಯಾರಕರು ಕೊಟ್ಟಷ್ಟೂ ವಿದ್ಯುತ್ ಎಳೆದುಕೊಳ್ಳಲು ಬಿಟ್ಟು, ಸಿನೆಬೆಂಚ್‌ನಂಥ ಪರೀಕ್ಷೆಗಳನ್ನೂ ಹತ್ತಾರು ಗೇಮ್‌ಗಳನ್ನೂ ಓಡಿಸಿ, ಬಂದ ಅಂಕಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುತ್ತಾರೆ. ಶಾಖ ಎಷ್ಟಾಯಿತು, ವಿದ್ಯುತ್ ಎಷ್ಟು ಹೋಯಿತು ಎಂಬುದು ಕೊನೆಯ ಪುಟದ ಮಾತು. ಕೊಳ್ಳುವವರು ಮೊದಲ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ. ತಯಾರಕರೂ ಆ ಪಟ್ಟಿಯನ್ನೇ ಗುರಿಯಾಗಿಟ್ಟುಕೊಂಡು ಚಿಪ್ಪನ್ನು ಹದಗೊಳಿಸುತ್ತಾರೆ. ಈ ಅಳತೆಗೋಲೇ ಸರಿಯಿಲ್ಲ. ವೇಗ, ಶಾಖ, ಬೆಲೆ ಮೂರಕ್ಕೂ ಬಿಡಿಬಿಡಿಯಾಗಿ ಅಂಕ ಹಾಕಿ ಕೂಡಿಸುವಂತಿಲ್ಲ, ಏಕೆಂದರೆ ವೇಗದ ಕೊನೆಯ ಶೇ 10ನ್ನು ಉಳಿದೆರಡನ್ನು ತೆತ್ತೇ ಪಡೆಯಲಾಗುತ್ತಿದೆ. 2022ರಿಂದೀಚೆಗೆ ಇಂಟೆಲ್ ಮತ್ತು ಎಎಮ್‌ಡಿ ಹೊರತಂದ ತುದಿಯ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ನಿಚ್ಚಳವಾಗಿ ಕಾಣುತ್ತದೆ.

ಇದಕ್ಕೆ ಕಾರಣ ಸಿಲಿಕಾನ್‌ನ ಗುಣದಲ್ಲೇ ಇದೆ. ಟ್ರಾನ್ಸಿಸ್ಟರ್‌ಗಳ ಕೆಲಸಕ್ಕೆ ಖರ್ಚಾಗುವ ವಿದ್ಯುತ್ತು ಕ್ಲಾಕ್ ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಕ್ಲಾಕ್ ಏರಬೇಕಾದರೆ ವೋಲ್ಟೇಜನ್ನೂ ಏರಿಸಲೇಬೇಕು. ಹಾಗಾಗಿ ಮಧ್ಯದ ವೇಗದಲ್ಲಿ ಅಗ್ಗವಾಗಿ ಸಿಗುವ ಮೆಗಾಹರ್ಟ್ಸ್, ತುದಿಗೆ ಹೋದಂತೆ ವಿಪರೀತ ದುಬಾರಿಯಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಮ್‌ಡಿಯ 16 ಕೋರ್‌ಗಳ ರೈಜೆನ್ 9 7950ಎಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಟಿಡಿಪಿ (ತಯಾರಕರು ಘೋಷಿಸುವ ಶಾಖದ ಮಟ್ಟ) 170 ವ್ಯಾಟ್ ಎಂದಿದ್ದರೂ ಸಾಕೆಟ್‌ನಿಂದ 230 ವ್ಯಾಟ್‌ವರೆಗೆ ಎಳೆದುಕೊಳ್ಳುತ್ತದೆ. ಬಯೋಸ್‌ನಲ್ಲಿ ಇಕೋ ಮೋಡ್ ಆರಿಸಿ 105 ವ್ಯಾಟ್ ಟಿಡಿಪಿಗೆ ಇಳಿಸಿದರೆ ನಿಜವಾದ ಮಿತಿ 142 ವ್ಯಾಟ್‌ಗೆ ಬರುತ್ತದೆ. ಎಲ್ಲ ಕೋರ್‌ಗಳೂ ದುಡಿಯುವ ಭಾರಿ ಕೆಲಸದಲ್ಲೂ ಆಗ ಕಳೆದುಕೊಳ್ಳುವುದು ಶೇ 10ಕ್ಕಿಂತ ಕಡಿಮೆ. ಇನ್ನೂ ಇಳಿಸಿ 88 ವ್ಯಾಟ್‌ಗೆ ತಂದರೂ ಮುಕ್ಕಾಲಿಗಿಂತ ತುಸು ಹೆಚ್ಚು ಕೆಲಸ ಉಳಿಯುತ್ತದೆ. ಅಂದರೆ ಪಟ್ಟಿಯಲ್ಲಿ ಒಂದೆರಡು ಸ್ಥಾನ ಮೇಲೇರಲು ಈ ಚಿಪ್ 142 ವ್ಯಾಟ್ ಸಾಕಾಗುವಲ್ಲಿ 230 ವ್ಯಾಟ್, ಎಂದರೆ 88 ವ್ಯಾಟ್ ಹೆಚ್ಚು ಸುಡುತ್ತಿದೆ.

ಇಂಟೆಲ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. 2022ರ ಅಕ್ಟೋಬರ್‌ನ ಕೋರ್ ಐ9-13900ಕೆ 5.8 ಗಿಗಾಹರ್ಟ್ಸ್ ಮುಟ್ಟಿತು. ಮರುವರ್ಷದ 14900ಕೆ ಹೆಚ್ಚುಕಡಿಮೆ ಅದೇ ಸಿಲಿಕಾನ್. ಬೆಲೆಯೂ ಅದೇ 589 ಡಾಲರ್, ಗರಿಷ್ಠ ವೇಗ ಮಾತ್ರ 6 ಗಿಗಾಹರ್ಟ್ಸ್. 2024ರ ಮಾರ್ಚ್‌ನಲ್ಲಿ 14900ಕೆಎಸ್ 6.2ಕ್ಕೆ ಏರಿ 689 ಡಾಲರ್ ಕೇಳಿತು. ಶೇ 3ರಷ್ಟು ಕ್ಲಾಕ್‌ಗೆ ಶೇ 17ರಷ್ಟು ಹಣ. ಅಧಿಕೃತ ಟರ್ಬೊ ಮಿತಿ 14900ಕೆಗೆ 253 ವ್ಯಾಟ್ ಇದ್ದರೂ, ಹಲವು ಮದರ್‌ಬೋರ್ಡ್‌ಗಳು ಆ ಮಿತಿಯನ್ನೂ ತೆಗೆದುಹಾಕಿಯೇ ಬರುತ್ತಿದ್ದವು. ಇದರ ಫಲ ಕೊಂಡವರ ಮೇಜಿನ ಮೇಲೆ ಕಾಣಿಸಿಕೊಂಡಿತು. ಗೇಮ್ ಶುರುವಾಗುವಾಗ ಶೇಡರ್‌ಗಳನ್ನು ಬಿಚ್ಚಿಕೊಳ್ಳುವ ಹಂತದಲ್ಲೇ ಪ್ರೋಗ್ರಾಂ ಕುಸಿಯುತ್ತಿತ್ತು, ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ತಪ್ಪಿದ್ದದ್ದು ಪ್ರೊಸೆಸರ್‌ನಲ್ಲಿ. ಹೆಚ್ಚಿನ ವೋಲ್ಟೇಜ್ ಮತ್ತು ಶಾಖ ಸೇರಿದಾಗ ಕೋರ್‌ನೊಳಗೆ ಕ್ಲಾಕ್ ಹಂಚುವ ಸರ್ಕ್ಯೂಟ್ ಬೇಗ ಸವೆಯುತ್ತದೆ ಎಂದು 2024ರಲ್ಲಿ ಇಂಟೆಲ್ ತಾನೇ ವಿವರಿಸಿತು, ಮೈಕ್ರೊಕೋಡ್ (ಚಿಪ್ಪಿನೊಳಗಿನ ನಿಯಂತ್ರಣ ಕೋಡ್) ತಿದ್ದುಪಡಿಗಳನ್ನು ಕೊಟ್ಟಿತು, ಬಾಕ್ಸ್‌ನಲ್ಲಿ ಮಾರಿದ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್ಪನ್ನು ಯಾವ ಮೈಕ್ರೊಕೋಡೂ ಸರಿಪಡಿಸಲಾರದು. ಅದನ್ನು ಬದಲಿಸುವುದೊಂದೇ ದಾರಿ.

ಇದು ಮೈಕ್ರೊಕೋಡ್ ದೋಷ, ವೇಗದ ಪೈಪೋಟಿಯ ದೋಷವಲ್ಲ ಎಂಬ ವಾದವಿದೆ. ಮದರ್‌ಬೋರ್ಡ್ ತಯಾರಕರ ಧಾರಾಳತನವನ್ನು ಚಿಪ್ಪಿನ ತಲೆಗೆ ಕಟ್ಟಬಾರದು ಎಂದೂ ಹೇಳುತ್ತಾರೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಇಂಟೆಲ್ ಗುರುತಿಸಿದ ಕಾರಣಗಳನ್ನು ಸಾಲಾಗಿ ಓದಿದರೆ ಎಲ್ಲವೂ ಒಂದೇ ದಿಕ್ಕಿಗೆ ಬೊಟ್ಟುಮಾಡುತ್ತವೆ: ಬೋರ್ಡ್‌ಗಳು ಕೊಟ್ಟ ಅತಿಯಾದ ವಿದ್ಯುತ್, ಬಿಸಿಯಾಗಿದ್ದಾಗಲೂ ಗರಿಷ್ಠ ವೇಗಕ್ಕೆ ಸಿಕ್ಕ ಅನುಮತಿ, ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿದ ಕೋಡ್. ಅಂಚಿನಲ್ಲಿ ಎಳ್ಳಷ್ಟೂ ಜಾಗ ಉಳಿಸದೆ ಕಟ್ಟಿದ ವ್ಯವಸ್ಥೆಯಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎಎಮ್‌ಡಿಯೂ ಇದರಿಂದ ಹೊರತಲ್ಲ. 2023ರಲ್ಲಿ ಮೆಮೊರಿ ವೇಗ ಹೆಚ್ಚಿಸಲು ಬೋರ್ಡ್‌ಗಳು ಕೊಟ್ಟ ಅತಿ ವೋಲ್ಟೇಜಿಗೆ ಕೆಲವು ರೈಜೆನ್ 7000 ಚಿಪ್‌ಗಳು ಸುಟ್ಟುಹೋದವು, ಆಮೇಲೆ ಅದಕ್ಕೆ 1.3 ವೋಲ್ಟ್ ಮಿತಿ ಬಂತು. ಈ ಪಾಠ ಹೊಸದೂ ಅಲ್ಲ. 2004ರಲ್ಲಿ ಪ್ರೆಸ್ಕಾಟ್ ಪೆಂಟಿಯಂ 4 ಶಾಖಕ್ಕೆ ಸಿಕ್ಕಿ ಏದುಸಿರು ಬಿಟ್ಟಾಗ ಇಂಟೆಲ್ 4 ಗಿಗಾಹರ್ಟ್ಸ್ ಮಾದರಿಯನ್ನೇ ಕೈಬಿಟ್ಟು, 2006ರ ಕೋರ್ 2 ಡುಯೊದಲ್ಲಿ ಕಡಿಮೆ ಕ್ಲಾಕ್‌ನಿಂದಲೇ ಹೆಚ್ಚು ಕೆಲಸ ತೆಗೆದು ತೋರಿಸಿತ್ತು.

ಶಾಖ ಹೆಚ್ಚಿಸದೆ ವೇಗ ಹೆಚ್ಚಿಸಲು ಸಾಧ್ಯ ಎಂಬುದಕ್ಕೆ ಇಂದಿನ ಪುರಾವೆ ಎಎಮ್‌ಡಿಯ ಎಕ್ಸ್3ಡಿ ಚಿಪ್‌ಗಳು. ಗೇಮ್ ಓಡುವಾಗ ಪ್ರೊಸೆಸರ್ ಬಹಳ ಹೊತ್ತು ಲೆಕ್ಕ ಮಾಡುತ್ತಿರುವುದಿಲ್ಲ, ರ‍್ಯಾಮ್‌ನಿಂದ ಬರಬೇಕಾದ ಡೇಟಾಗಾಗಿ ಕಾಯುತ್ತಿರುತ್ತದೆ. ಕ್ಲಾಕ್ ಎಷ್ಟೇ ಏರಿಸಿದರೂ ಈ ಕಾಯುವಿಕೆ ಕಡಿಮೆಯಾಗದು. 2022ರ 5800ಎಕ್ಸ್3ಡಿಯಲ್ಲಿ ಎಎಮ್‌ಡಿ 32 ಎಂಬಿ ಎಲ್3 ಕ್ಯಾಶ್ ಮೇಲೆ ಇನ್ನೂ 64 ಎಂಬಿಯ ತುಣುಕನ್ನು ಅಟ್ಟದಂತೆ ಪೇರಿಸಿತು. ಬೇಕಾದ ಡೇಟಾ ಹತ್ತಿರದಲ್ಲೇ ಸಿಗತೊಡಗಿತು. 2023ರ ಏಪ್ರಿಲ್‌ನಲ್ಲಿ 449 ಡಾಲರ್‌ಗೆ ಬಂದ ಎಂಟು ಕೋರ್‌ಗಳ 7800ಎಕ್ಸ್3ಡಿ, ಗೇಮ್‌ಗಳಲ್ಲಿ 14900ಕೆಗೆ ಸರಿಸಮನಾಗಿ ಅಥವಾ ಮುಂದೆ ನಿಂತದ್ದು ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ. ಅದಕ್ಕೂ ಒಂದು ಕೊರತೆಯಿತ್ತು: ಮೇಲೆ ಕೂತ ಕ್ಯಾಶ್ ಶಾಖವನ್ನು ತಡೆಯುತ್ತಿದ್ದರಿಂದ ಕ್ಲಾಕ್ ಮತ್ತು ವೋಲ್ಟೇಜನ್ನು ಬಿಗಿಹಿಡಿಯಬೇಕಾಗಿತ್ತು. 2024ರ ನವೆಂಬರ್‌ನ 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೋರ್‌ಗಳ ಕೆಳಕ್ಕೆ ಸರಿಸಿದರು. ಕೋರ್‌ಗಳು ಕೂಲರ್‌ಗೆ ಹತ್ತಿರವಾದವು, 5.2 ಗಿಗಾಹರ್ಟ್ಸ್ ಸಾಧ್ಯವಾಯಿತು. ತೊಡಕು ಎಲ್ಲಿದೆ ಎಂದು ಹುಡುಕಿ ಅಲ್ಲೇ ಕೈಹಾಕುವ ಇಂಥ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಶಾಖದ ವಿಚಾರದಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 7950ಎಕ್ಸ್ 95 ಡಿಗ್ರಿಯಲ್ಲಿ ಓಡಲೆಂದೇ ರೂಪಿಸಿದ್ದು, ಹಾಗಾಗಿ ಚಿಂತೆ ಬೇಡ ಎಂದು ಅದರ ಪರ ಇರುವವರು ಹೇಳುತ್ತಾರೆ. ಚಿಪ್ಪಿನ ಮಟ್ಟಿಗೆ ಅದು ಸರಿ. ಆದರೆ ಡಿಗ್ರಿ ಹೇಳುವುದು ಚಿಪ್ಪಿನ ಸ್ಥಿತಿಯನ್ನು. ಕೋಣೆಗೆ ಬಂದು ಸೇರುವ ಶಾಖವನ್ನು ಹೇಳುವುದು ವ್ಯಾಟ್. ಜೊತೆಗೆ, ವಿದೇಶದ ಬಹುಪಾಲು ಪರೀಕ್ಷೆಗಳು ತಂಪಾದ ಕೋಣೆಯಲ್ಲಿ ನಡೆಯುತ್ತವೆ. ಒಂದು ಕೂಲರ್ 230 ವ್ಯಾಟ್‌ನಲ್ಲಿ ಚಿಪ್ಪನ್ನು ಕೋಣೆಗಿಂತ 65 ಡಿಗ್ರಿ ಮೇಲೆ ಇರಿಸುತ್ತದೆ ಎಂದಿಟ್ಟುಕೊಳ್ಳಿ. 22 ಡಿಗ್ರಿಯ ಕೋಣೆಯಲ್ಲಿ ಚಿಪ್ 87ರಲ್ಲಿ ನಿಲ್ಲುತ್ತದೆ. ಹೊರಗೆ 40 ದಾಟಿರುವ ಕಲಬುರ್ಗಿ ಅಥವಾ ರಾಯಚೂರಿನ ಮೇ ತಿಂಗಳಲ್ಲಿ, ಎಸಿ ಇಲ್ಲದ 36 ಡಿಗ್ರಿಯ ಕೋಣೆಯಲ್ಲಿ ಅದು 101ಕ್ಕೆ ಹೋಗಬೇಕು. ಹೋಗಲಾರದೆ 95ರಲ್ಲಿ ನಿಂತು ವೇಗ ಇಳಿಸಿಕೊಳ್ಳುತ್ತದೆ. ಅಂದರೆ ಹಣ ತೆತ್ತ ಕೊನೆಯ ಮೆಗಾಹರ್ಟ್ಸ್ ಅಲ್ಲಿ ಸಿಗುವುದೇ ಇಲ್ಲ. ಅದೇ ಕೂಲರ್ 142 ವ್ಯಾಟ್‌ನಲ್ಲಿ ಸುಮಾರು 40 ಡಿಗ್ರಿ ಮಾತ್ರ ಏರಿಸುತ್ತದೆ. ಅದೇ ಬೇಸಿಗೆಯಲ್ಲೂ ಚಿಪ್ 76ರ ಆಸುಪಾಸಿನಲ್ಲಿ ನೆಮ್ಮದಿಯಾಗಿ ದುಡಿಯುತ್ತದೆ, ಫ್ಯಾನ್ ಕಿರುಚುವುದಿಲ್ಲ.

ಬೆಲೆಯ ಲೆಕ್ಕವನ್ನೂ ಹೀಗೆಯೇ ಹಾಕಬೇಕು. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ 100 ವ್ಯಾಟ್ ಹೆಚ್ಚು ಖರ್ಚಾದರೆ 240 ಯೂನಿಟ್; ಯೂನಿಟ್‌ಗೆ 6 ರೂಪಾಯಿಯಂತೆ 1,440 ರೂಪಾಯಿ. ಇಂಥ ಯಂತ್ರ ಕೊಳ್ಳುವವರಿಗೆ ಕರೆಂಟ್ ಬಿಲ್ ದೊಡ್ಡ ಹೊರೆಯಲ್ಲ ಎಂದು ಒಪ್ಪಬೇಕು. ದೊಡ್ಡ ಖರ್ಚು ಬೇರೆಡೆ ಇದೆ. 250 ವ್ಯಾಟ್ ತಡೆದುಕೊಳ್ಳಲು 360 ಎಂಎಂ ಲಿಕ್ವಿಡ್ ಕೂಲರ್, ದಪ್ಪ ಹೀಟ್‌ಸಿಂಕ್ ಇರುವ ದುಬಾರಿ ಮದರ್‌ಬೋರ್ಡ್, ಹೆಚ್ಚು ಸಾಮರ್ಥ್ಯದ ಪವರ್ ಸಪ್ಲೈ ಬೇಕು. ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಕೂಡ ಬೇಕು. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ತಾಳುವುದು ಹೆಚ್ಚೆಂದರೆ 360 ವ್ಯಾಟ್. ಇವೆಲ್ಲದರ ಮೇಲೆ ಜಿಎಸ್‌ಟಿ. ಮುಂದೆ ಚಿಪ್ ಬದಲಿಸುವ ಅವಕಾಶವೂ ಮೌಲ್ಯದ ಭಾಗವೇ. 2022ರ ಎಎಮ್5 ಸಾಕೆಟ್ಟನ್ನು 2027ರವರೆಗಾದರೂ ಬೆಂಬಲಿಸುವುದಾಗಿ ಎಎಮ್‌ಡಿ ಹೇಳಿದೆ. 14900ಕೆ ಕೂತ ಎಲ್‌ಜಿಎ1700 ಸಾಕೆಟ್‌ನಲ್ಲಿ ಮರುವರ್ಷದ ಕೋರ್ ಅಲ್ಟ್ರಾ ಕೂರುವುದಿಲ್ಲ.

ಗಟ್ಟಿಯಾದ ಆಕ್ಷೇಪ ಬರುವುದು ವೃತ್ತಿಪರರಿಂದ: ನಮಗೆ ಸಮಯವೇ ಹಣ, ಶೇ 7 ತಡವಾದರೂ ನಷ್ಟ. ಲೆಕ್ಕ ನೋಡೋಣ. 230 ವ್ಯಾಟ್‌ನಲ್ಲಿ 100 ನಿಮಿಷದ ರೆಂಡರ್ 142 ವ್ಯಾಟ್‌ನಲ್ಲಿ 107 ನಿಮಿಷ ಹಿಡಿದರೆ, ಚಿಪ್ ಬಳಸುವ ವಿದ್ಯುತ್ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಆ ಏಳು ನಿಮಿಷ ಯಾರಿಗೆ ನಿಜಕ್ಕೂ ಹಣವೋ ಅವರು ಮಿತಿಯನ್ನು ಮೇಲಕ್ಕಿಟ್ಟುಕೊಳ್ಳಲಿ, ಅದು ವಿವೇಕದ ಆಯ್ಕೆಯೇ. ಆದರೆ ಒಬ್ಬರು ಅಳೆದು ಆರಿಸಬೇಕಾದದ್ದನ್ನು ಎಲ್ಲರಿಗೂ ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸುವುದು ಸರಿಯಲ್ಲ. ಇನ್ನೊಂದು ಆಕ್ಷೇಪವನ್ನು ಪೂರ್ತಿ ಒಪ್ಪಬೇಕು: ಸುಮ್ಮನೆ ಕೂತಾಗ ಎಎಮ್‌ಡಿಯ ಚಿಪ್ಲೆಟ್ (ಹಲವು ತುಣುಕುಗಳನ್ನು ಜೋಡಿಸಿದ) ಪ್ರೊಸೆಸರ್‌ಗಳು ಇಂಟೆಲ್‌ಗಿಂತ ಹೆಚ್ಚು ವಿದ್ಯುತ್ ತಿನ್ನುತ್ತವೆ. ದಿನವೆಲ್ಲ ಮೇಲ್, ಬ್ರೌಸರ್ ತೆರೆದು, ಎಲ್ಲೋ ಒಮ್ಮೆ ಭಾರಿ ಕೆಲಸ ಮಾಡುವವರಿಗೆ ಇಂಟೆಲ್ ಅನುಕೂಲ. ಭಾರದ ಜೊತೆಗೆ ಬಿಡುವನ್ನೂ ಅಳೆಯದ ವಿಮರ್ಶೆ ಅಪೂರ್ಣ.

ಇಷ್ಟರ ಮೇಲೆ ನನ್ನ ತೀರ್ಪು ಹೀಗಿದೆ. ಮುಖ್ಯವಾಗಿ ಗೇಮ್ ಆಡುವವರಿಗೆ 9800ಎಕ್ಸ್3ಡಿ, ಹಣ ಉಳಿಸಬೇಕೆಂದರೆ 7800ಎಕ್ಸ್3ಡಿ. ವಿಡಿಯೊ, ಕಂಪೈಲ್, ಸಿಮ್ಯುಲೇಷನ್ ಕೆಲಸಕ್ಕೆ 7950ಎಕ್ಸ್‌ನ ನಂತರದ ಪೀಳಿಗೆಯ ರೈಜೆನ್ 9 9950ಎಕ್ಸ್, ಮೊದಲ ದಿನವೇ 105 ವ್ಯಾಟ್ ಇಕೋ ಮೋಡ್‌ಗೆ ಇಳಿಸಿ. ಎರಡೂ ಬೇಕಾದವರಿಗೆ 9950ಎಕ್ಸ್3ಡಿ. 2024ರ ಕೋರ್ ಅಲ್ಟ್ರಾ 9 285ಕೆ ಗೇಮ್‌ಗಳಲ್ಲಿ 14900ಕೆಗಿಂತ ಹಿಂದೆ ಬಿದ್ದುದರಿಂದ ಎಲ್ಲ ಕಡೆ ಬೈಸಿಕೊಂಡಿತು. ವಿದ್ಯುತ್ ಕಡಿಮೆ ಮಾಡಿಕೊಂಡ ಅದರ ಸಂಯಮಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. 14900ಕೆಯನ್ನು ಹೊಸದಾಗಿ ಕೊಳ್ಳಲು ಕಾರಣವಿಲ್ಲ. ಈಗಾಗಲೇ ಇರುವವರು ಬಯೋಸ್ ನವೀಕರಿಸಿ ಇಂಟೆಲ್ ಹೇಳಿದ ಮಿತಿಯೊಳಗೆ ಓಡಿಸಬೇಕು.

ವಿಮರ್ಶಕರ ಹೊಣೆ ಇದಕ್ಕಿಂತ ದೊಡ್ಡದು. 2024ರ ಆಗಸ್ಟ್‌ನಲ್ಲಿ ಎಎಮ್‌ಡಿ ರೈಜೆನ್ 7 9700ಎಕ್ಸ್ ಚಿಪ್ಪನ್ನು 65 ವ್ಯಾಟ್ ಟಿಡಿಪಿಯಲ್ಲಿ ತಂದಾಗ, ವೇಗ ಸಾಲದು ಎಂದು ವಿಮರ್ಶೆಗಳು ಮುಗಿಬಿದ್ದವು. ಮರುತಿಂಗಳೇ ಬಯೋಸ್ ಮೂಲಕ 105 ವ್ಯಾಟ್‌ನ ಆಯ್ಕೆ ಬಂತು. ಪಟ್ಟಿ ಏನನ್ನು ಮೆಚ್ಚುತ್ತದೋ ಕಂಪನಿ ಅದನ್ನೇ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಆದ್ದರಿಂದ ಪ್ರತಿ ಚಿಪ್ಪನ್ನೂ ಕಾರ್ಖಾನೆಯ ಮಿತಿಯ ಜೊತೆಗೆ 142, 88 ವ್ಯಾಟ್‌ನಂಥ ಸಮಾನ ಮಿತಿಗಳಲ್ಲಿ ಅಳೆಯಬೇಕು. ಕೋಣೆಯ ಉಷ್ಣಾಂಶ ಬರೆಯಬೇಕು. ಬೆಲೆ ಹೇಳುವಾಗ ಅದಕ್ಕೆ ಬೇಕಾದ ಕೂಲರ್, ಬೋರ್ಡ್ ಸೇರಿಸಿ ಹೇಳಬೇಕು. ಆಗ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ತೆಗೆದ ವಿನ್ಯಾಸ ಪಟ್ಟಿಯ ಮೇಲಕ್ಕೆ ಬರುತ್ತದೆ, ಕಂಪನಿಗಳ ಪೈಪೋಟಿಯೂ ಅಲ್ಲಿಗೇ ತಿರುಗುತ್ತದೆ.